ಸೂಜಿ ಹಾಕದ ಅರವತ್ತು ಕುರಿ

ಡಾಕ್ಟರು ಬರುವ ಮೊದಲು ಆ ಪುಟವನ್ನು ಇನ್ನೊಮ್ಮೆ ನೋಡಬಾರದೆಂದು ಚಂದ್ರಯ್ಯ ಬೆಳಗಿನಿಂದ ನಾಲ್ಕು ಸಲ ಗಟ್ಟಿಮನಸ್ಸು ಮಾಡಿದ್ದ, ನಾಲ್ಕು ಸಲವೂ ನೋಡಿದ್ದ. ಮಕ್ತಲದ ದನದ ದವಾಖಾನೆಯಲ್ಲಿ ಇದ್ದದ್ದೇ ಒಂದು ಮೇಜು. ಅದರ ಮೇಲೆ ಕೆಂಪು ರಟ್ಟಿನ ರಿಜಿಸ್ಟರು. ಅದರ ಹನ್ನೊಂದನೆಯ ಪುಟದಲ್ಲಿ, ಬೆತ್ತದ ಏಟು ತಿಂದು ಕಲಿತ ಅವನ ಉರ್ದು ಅಕ್ಷರಗಳಲ್ಲಿ ಎರಡೇ ಸಾಲು: ಸೂಜಿ ಹಾಕಿದ ಕುರಿ ಅರವತ್ತು, ಸಿಡುಬಿನಿಂದ ಸತ್ತದ್ದು ನಾಲ್ಕು, ಸೂಜಿ ಹಾಕದ ಕುರಿ ಅರವತ್ತು, ಸತ್ತದ್ದು ಐದು. ಅಕ್ಷರ ಎಷ್ಟು ನೀಟಾಗಿತ್ತೆಂದರೆ ಅದರೊಳಗೆ ಸುಳ್ಳಿದೆಯೆಂದು ಬ್ರಹ್ಮನೂ ಹೇಳುವಂತಿರಲಿಲ್ಲ. ಬರೆದವನಿಗೇ ಎಷ್ಟೋ ಸಲ ಮರೆತುಹೋಗುತ್ತಿತ್ತು. ದನದ ಗಾಯ ತೊಳೆಯುವಾಗ, ಎತ್ತಿನ ಬಾಯಿಗೆ ಬಿದಿರಿನ ಗೊಟ್ಟ ಇಟ್ಟು ಕಷಾಯ ಸುರಿಯುವಾಗ, ಹೆಂಡತಿ ಕಿಷ್ಟಮ್ಮ ಬಡಿಸಿದ ರೊಟ್ಟಿ ಮುರಿಯುವಾಗ ಅವನು ಎಲ್ಲರ ಹಾಗೆ ಒಬ್ಬ ಕಂಪೌಂಡರ್, ಒಬ್ಬ ಗಂಡ, ಒಬ್ಬ ಅಳಿಯ. ಆಮೇಲೆ ಏನೂ ಕಾರಣವಿಲ್ಲದೆ, ಹಲ್ಲಿನ ಸಂದಿಯಲ್ಲಿ ಸಿಕ್ಕ ನಾರನ್ನು ನಾಲಿಗೆ ಹುಡುಕಿಕೊಂಡು ಹೋಗುವಂತೆ, ಮನಸ್ಸು ಹನ್ನೊಂದನೆಯ ಪುಟಕ್ಕೆ ಹೋಗಿಬಿಡುತ್ತಿತ್ತು.

“ಸಾಹೇಬ್ರು ರೈಲಿಳದಾರಂತ್ರಿ,” ಎಂದ ಚಪ್ರಾಸಿ ಅಂಜಯ್ಯ, ಅಂಗಳ ಗುಡಿಸುವುದನ್ನು ನಿಲ್ಲಿಸದೆ. “ಟೇಸನ್‌ದಿಂದ ಬಂಡಿ ಹತ್ಯಾರ. ಬಾಟ್ಲಿ ಎಣಿಸಿ ಇಡಬೇಕಂತ.”

ಬಾಟಲಿ ಎಣಿಸುವುದೇನಿತ್ತು? ಹತ್ತು. ಒಳಗಿನ ಕತ್ತಲೆ ಕೋಣೆಯಲ್ಲಿ ಒದ್ದೆ ಮರಳಿನೊಳಗೆ ಕುತ್ತಿಗೆತನಕ ಹುಗಿದಿಟ್ಟಿದ್ದ ಹತ್ತು ಬಾಟಲಿ ಸೂಜಿಮದ್ದು, ಐನೂರು ಕುರಿಗೆ ಸಾಕಾಗುವಷ್ಟು. ಈ ವರ್ಷದ ಹಂಗಾಮಿಗೆಂದು ಹೈದರಾಬಾದಿನಿಂದ ಮಂಜುಗಡ್ಡೆ, ಹೊಟ್ಟು ತುಂಬಿದ ಪೆಟ್ಟಿಗೆಯಲ್ಲಿ ಬಂದು ಇನ್ನೂ ತಿಂಗಳಾಗಿರಲಿಲ್ಲ. ಅದರ ಬೆನ್ನಿಗೇ ಎರಡು ದಿನದ ಹಿಂದೆ ಮೇಲಿನ ದಫ್ತರದ ಹುಕುಂ ಬಂದಿತ್ತು: ಕುರಿ ಸಿಡುಬಿನ ಹೊಸ ಮದ್ದಿನಿಂದ ಗುಣವಿಲ್ಲವೆಂದು ಸಾಬೀತಾಗಿರುವುದರಿಂದ ಆ ಕೆಲಸ ಬಂದ್, ಉಳಿದ ಮದ್ದನ್ನು ಕುದಿಸಿ ಚೆಲ್ಲಿ, ಖಾಲಿ ಬಾಟಲಿ ವಾಪಸು ಕೊಡತಕ್ಕದ್ದು. ಸಾಬೀತು ಮಾಡಿದವನು ತಾನು. ಹುಕುಂ ಓದಿದಾಗ ಚಂದ್ರಯ್ಯನಿಗೆ ಮೊದಲು ಆದದ್ದು, ನಾಚಿಕೆಯ ಮಾತು, ಸಮಾಧಾನ. ಮುಗಿಯಿತಲ್ಲ ಎಂದು.

ಡಾಕ್ಟರ್ ಶಿವಶಂಕರಪ್ಪ ಹೋದ ವರ್ಷ, ನಿಜಾಮರ ಫಸಲಿ ಲೆಕ್ಕದ ಸಾವಿರದ ಮುನ್ನೂರೈವತ್ತೊಂದರ ಮಳೆಗಾಲ ಮುಗಿಯುವಾಗ, ಮೊದಲ ಸಲ ಕುರುಬರ ಹಟ್ಟಿಗೆ ಬಂದಿದ್ದರು. ರಾಯಚೂರಿನ ಕಡೆಯವರು, ಹೈದರಾಬಾದಿನಲ್ಲಿ ಆರು ವರ್ಷ ಒಂದೇ ರೋಗದ ಬೆನ್ನು ಹತ್ತಿ ತಲೆ ಅರ್ಧ ಬಿಳಿ ಮಾಡಿಕೊಂಡವರು. ಮಕ್ತಲದಿಂದ ಎರಡು ಹರದಾರಿಯ ಆ ಹಟ್ಟಿ ಚಂದ್ರಯ್ಯನ ಮಾವ ಕುರುಮಯ್ಯನದು. ಕುರುಮಯ್ಯ ಬೀರಪ್ಪನ ಪೂಜಾರಿ, ನಾಲ್ಕು ಮನೆಯ ಕುರಿಗಳಿಗೂ ಹಿರಿಯ. ಡಾಕ್ಟರು ಕಂಬಳಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಮಜ್ಜಿಗೆ ಕುಡಿದು, ಮೀಸೆ ಒರೆಸಿಕೊಂಡು ಹೇಳಿದ್ದರು: “ಸಿಡುಬಿನ ನಂಜನ್ನs ತಂದು, ಅದರ ಕಸುವು ಇಳಿಸಿ ಇಳಿಸಿ ಕೈಲಾಗದ ಮುದುಕನ್ನ ಮಾಡೇವ್ರಿ. ಅದನ್ನ ಕುರಿ ಮೈಯಾಗ ಬಿಟ್ರ, ಆ ಮೈ ಅದರ ಕೂಡ ಕುಸ್ತಿ ಕಲೀತೈತಿ. ನಾಳೆ ಖರೇ ಜಟ್ಟಿ ಬಂದ್ರೂ ಅಂಜಂಗಿಲ್ಲ.” ಕುರುಬರು ನಕ್ಕರು. ಕುಸ್ತಿಯ ಮಾತು ಅವರಿಗೆ ತಿಳಿಯಿತು. ತಿಳಿಯದೆ ಹೋದದ್ದು ಆಮೇಲಿನ ಮಾತು. ನೂರಿಪ್ಪತ್ತು ಕುರಿಯಲ್ಲಿ ಅರವತ್ತಕ್ಕೆ ಮಾತ್ರ ಸೂಜಿ, ಅರವತ್ತನ್ನು ಹಾಗೇ ಬಿಡಬೇಕು. ಸೂಜಿ ಹಾಕಿದ್ದಕ್ಕೆ ಗುರುತಾಗಿ ಎಡಗಿವಿಗೆ ಇಕ್ಕಳದಿಂದ ಒಂದು ತೂತು.

“ಅರ್ಧಕ್ಕ ಮದ್ದು, ಅರ್ಧಕ್ಕ ಇಲ್ಲ ಅಂದ್ರ ಹ್ಯಾಂಗ್ರಿ?” ಎಂದಿದ್ದ ಕುರುಮಯ್ಯ. “ಒಂದು ಕೂಸಿಗೆ ಹಾಲು ಕೊಟ್ಟು, ಇನ್ನೊಂದು ಅಳೂದು ನೋಡಕೋಂತ ಕುಂಡ್ರು ಅಂದಂಗಾತು.”

“ಎರಡೂ ನೋಡದಿದ್ರ ಮದ್ದಿನ್ಯಾಗ ಗುಣ ಐತೋ ಇಲ್ಲೋ ಯಾರಿಗೆ ಗೊತ್ತಾಗಬೇಕು ಯಜಮಾನ್ರ? ಇದೊಂದು ಸಲ ಹೊಟ್ಟಿ ಗಟ್ಟಿ ಮಾಡ್ರಿ. ಲೆಕ್ಕ ಚೊಲೋ ಬಂತಂದ್ರ ಮುಂದಿನ ವರ್ಷ ಈ ಸೀಮಿ ಕುರಿಗೆಲ್ಲ ಹಾಕಿಸ್ತೀನಿ.”

ಕುರುಮಯ್ಯ ಬಹಳ ಹೊತ್ತು ಗಡ್ಡ ಕೆರೆದುಕೊಂಡು ಒಂದು ದಾರಿ ಕಂಡುಹಿಡಿದ. ಹಟ್ಟಿಯಲ್ಲಿ ಬೀರಪ್ಪನಿಗೆ ಮೀಸಲು ಬಿಟ್ಟ ನಲವತ್ತೆಂಟು ಕುರಿ ಇದ್ದವು. ಅವಕ್ಕೆ ಲೋಹ ತಾಗಬಾರದು ಎನ್ನುವುದು ಆ ಹಟ್ಟಿಯ ಕಟ್ಟಳೆ. ಉಣ್ಣೆ ಕತ್ತರಿಸುವಂತಿಲ್ಲ, ಕಿವಿ ಹರಿದು ಮನೆತನದ ಗುರುತು ಮಾಡುವಂತಿಲ್ಲ. ಹುಟ್ಟಿದ ಮೈಯಲ್ಲೇ ದೇವರಿಗೆ ಸೇರಬೇಕು. ಹೇಗೂ ಸೂಜಿ ಹಾಕುವಂತಿಲ್ಲದ ಈ ನಲವತ್ತೆಂಟನ್ನು ಹಾಗೇ ಬಿಡುವ ಅರವತ್ತರಲ್ಲಿ ಸೇರಿಸಿದರೆ ಇನ್ನು ಹನ್ನೆರಡು ಕುರಿಯ ಪಾಪ ಮಾತ್ರ ತಲೆಗೆ. ಡಾಕ್ಟರು ಒಂದು ಗಳಿಗೆ ಯೋಚಿಸಿ, ಆಗಲಿ, ಕುರಿ ಕುರಿಯೇ ಎಂದರು. ದೇವರ ಪಾಲು ದೇವರೇ ನೋಡಿಕೊಳ್ಳುತ್ತಾನೆ ಎಂದು ಯಾರೋ ಅಂದರು. ಅಂದವರ ದನಿಯಲ್ಲಿ ಅಳುಕಿತ್ತು. ಅದನ್ನು ಕೇಳಿಸಿಕೊಂಡವನು ಚಂದ್ರಯ್ಯ ಒಬ್ಬನೇ ಇರಬೇಕು.

ಯಾಕೆಂದರೆ ಅವನು ಸಿಡುಬನ್ನು ಕಂಡಿದ್ದ. ಏಳು ವರ್ಷದವನಿದ್ದಾಗ ಅವನಪ್ಪನ ಎಂಬತ್ತು ಕುರಿ ಹದಿನೇಳು ದಿನದಲ್ಲಿ ಹೋದವು. ತೊಡೆಸಂದಿಯಲ್ಲಿ, ಬಾಲದ ಬುಡದಲ್ಲಿ, ಕಣ್ಣರೆಪ್ಪೆಯ ಮೇಲೆ ಗಂಟೆದ್ದು, ಉಸಿರಿಗೆ ಕುತ್ತಿಗೆ ಚಾಚಿ ನಿಂತ ಕುರಿಗಳು ನಿಂತಲ್ಲೇ ಮಂಡಿಯೂರುತ್ತಿದ್ದವು. ಅಪ್ಪ ಅಳಲಿಲ್ಲ. ಖಾಲಿ ದೊಡ್ಡಿಯ ಮುಳ್ಳುಬೇಲಿಯನ್ನು ದಿನಾ ಬೆಳಿಗ್ಗೆ ತೆಗೆದು ಸಂಜೆ ಹಾಕುತ್ತಿದ್ದ. ಅದನ್ನು ನೋಡಲಾರದೆ ಅವ್ವ ಮಗನನ್ನು ಮಕ್ತಲದಲ್ಲಿದ್ದ ತನ್ನ ಅಣ್ಣನ ಮನೆಯಲ್ಲಿ ಓದಿಗೆ ಬಿಟ್ಟಳು. ಚಂದ್ರಯ್ಯ ಕಂಪೌಂಡರ್ ಆದದ್ದಕ್ಕೆ, ಹಟ್ಟಿಯಲ್ಲಿ ಮೊದಲು ಪಾಯಜಾಮ ತೊಟ್ಟವನೆಂದು ಅನ್ನಿಸಿಕೊಂಡದ್ದಕ್ಕೆ ಮೂಲ ಆ ಎಂಬತ್ತು ಕುರಿಗಳ ಸಾವು. ಸೂಜಿ ಹಾಕುವ ದಿನ, ಅರವತ್ತೂ ಮುಗಿದು, ಡಾಕ್ಟರು ನೆರಳಿನಲ್ಲಿ ಊಟಕ್ಕೆ ಕೂತಾಗ, ಪಿಚಕಾರಿ ತೊಳೆಯಲು ಹಳ್ಳದ ಕಡೆ ಹೋದವನಿಗೆ ಜಾಲಿಮರದ ಕೆಳಗೆ ನಲವತ್ತೆಂಟು ದೇವರ ಕುರಿಗಳು ಕಂಡವು. ಕಾಯುತ್ತಿದ್ದ ಮುದುಕ ಪೆದ್ದಯ್ಯ ಕಂಬಳಿ ಮುಸುಕು ಹಾಕಿ ಮಲಗಿದ್ದ. ಹಣೆಗೆ ಅರಿಸಿನದ ಭಂಡಾರ ಬಳಿಸಿಕೊಂಡ ಆ ಮೊದ್ದು ಪ್ರಾಣಿಗಳು ಚಂದ್ರಯ್ಯನನ್ನು ನೋಡಿದವು. ಬುಟ್ಟಿಯಲ್ಲಿ ಒಂದು ಬಾಟಲಿ ಮದ್ದು ಉಳಿದಿತ್ತು. ತಾನು ಯೋಚಿಸಿ ಮಾಡಿದೆನೆಂದು ಅವನು ಇವತ್ತಿಗೂ ಹೇಳಲಾರ. ಕೈ ಮಾಡಿತು. ಒಂದೊಂದನ್ನೇ ಮೊಣಕಾಲ ನಡುವೆ ಹಿಡಿದು, ಬಾಲದ ಬುಡದ ಬೋಳು ಚರ್ಮಕ್ಕೆ ಚುಚ್ಚುತ್ತ, ಬಾಯಲ್ಲಿ ಬೀರಪ್ಪಾ ತಪ್ಪಾತು ತಪ್ಪಾತು ಎನ್ನುತ್ತ, ನಲವತ್ತೆಂಟನ್ನೂ ಮುಗಿಸಿದ. ಆಮೇಲೆ ಇಕ್ಕಳ ಕೈಗೆತ್ತಿಕೊಂಡ. ಮೊದಲ ಕುರಿಯ ಎಡಗಿವಿಯನ್ನು ಅದರ ಬಾಯಿಗೆ ಇಟ್ಟ. ಇಡೀ ಕಿವಿ, ಎಲೆಯಂತೆ ಮೆತ್ತಗೆ, ಯಾರ ಗುರುತೂ ಇಲ್ಲದ್ದು. ಒತ್ತಲಾಗಲಿಲ್ಲ. ಸೂಜಿಯ ತೂತು ನಾಳೆ ಮುಚ್ಚಿಹೋಗುತ್ತದೆ, ದೇವರೂ ಮರೆಯಬಹುದು. ಕಿವಿಯ ತೂತು ಮುಚ್ಚುವುದಿಲ್ಲ. ಇಕ್ಕಳವನ್ನು ಬುಟ್ಟಿಗೆ ಹಾಕಿದ. ಅರ್ಧ ಕೆಲಸವನ್ನು ಅವನೊಳಗಿನ ಕಂಪೌಂಡರ್ ಮಾಡಿದ್ದ, ಉಳಿದರ್ಧವನ್ನು ಅವನೊಳಗಿನ ಕುರುಬ ಮಾಡಗೊಡಲಿಲ್ಲ. ಇಬ್ಬರೂ ಸೇರಿ ಡಾಕ್ಟರ ಆರು ವರ್ಷದ ಕೆಲಸಕ್ಕೆ ಮಣ್ಣು ಹಾಕಿದ್ದರು, ಆಗ ಇಬ್ಬರಿಗೂ ಅದು ಹೊಳೆಯಲಿಲ್ಲ.

ಹೊಳೆದದ್ದು ಚಳಿಗಾಲದಲ್ಲಿ. ಸಿಡುಬು ಬಂತು. ಸೂಜಿ ಹಾಕಿದ ಅರವತ್ತರಲ್ಲಿ ನಾಲ್ಕು ಹೋದವು. ನಿಜವಾಗಿ ಏನೂ ಹಾಕದೆ ಬಿಟ್ಟ ಹನ್ನೆರಡರಲ್ಲಿ ಐದು. ದೇವರ ಕುರಿಗಳಲ್ಲಿ ಒಂದೂ ಕೆಮ್ಮಲಿಲ್ಲ. ಹಟ್ಟಿಗೆ ಹಟ್ಟಿಯೇ ಭಂಡಾರ ಹಾರಿಸಿತು. ಕಿಷ್ಟಮ್ಮ ಮನೆಗೆ ಬಂದು, ಕಣ್ಣಲ್ಲಿ ನೀರು ತಂದುಕೊಂಡು, ಬೀರಪ್ಪ ಕಣ್ಣು ಬಿಟ್ಟ ಎಂದಳು. ಚಂದ್ರಯ್ಯ ಅವಳೊಂದಿಗೆ ಕೈಮುಗಿದ. ರಿಜಿಸ್ಟರು ತುಂಬಲು ಕೂತಾಗಲೇ ಅವನಿಗೆ ಗೊತ್ತಾದದ್ದು, ಈ ಎರಡು ಸಾಲು ಪಕ್ಕಪಕ್ಕ ನಿಂತರೆ ಏನು ಹೇಳುತ್ತವೆ ಎಂದು: ಮದ್ದು ಹಾಕಿದರೂ ಅಷ್ಟೇ, ಬಿಟ್ಟರೂ ಅಷ್ಟೇ. ಆಗ ಡಾಕ್ಟರು ಕೇಳಿಯೂ ಕೇಳಿದ್ದರು. ಮೂಗಿನ ಮೇಲೆ ಕನ್ನಡಕ ಜಾರಿಸಿಕೊಂಡು, “ಚಂದ್ರಯ್ಯ, ಆ ದೇವರ ಕುರಿಗಳಿಗೆ ಏನರ ಮಾಡಿದ್ರೇನು? ಬ್ಯಾರೆ ಮೇವು, ಬ್ಯಾರೆ ಗಿಡಮೂಲಿಕಿ?” ಎಂದು. ಬಾಗಿಲು ಹಾರುಹೊಡೆದು ತೆರೆದಿತ್ತು. ಒಂದು ಹೆಜ್ಜೆ ಸಾಕಿತ್ತು. “ಏನೂ ಇಲ್ರಿ ಸಾಹೇಬ್ರ” ಎಂದ ಚಂದ್ರಯ್ಯ. ಡಾಕ್ಟರ ಮುಂದೆ ಹೇಳಿದರೆ ನೌಕರಿ ಹೋಗುತ್ತದೆ. ಹಟ್ಟಿಯಲ್ಲಿ ತಿಳಿದರೆ ದೇವರ ಕುರಿಗೆ ಲೋಹ ಚುಚ್ಚಿದವನೆಂದು ಕುಲದಿಂದ ಹೊರಗಿಡುತ್ತಾರೆ, ಕಿಷ್ಟಮ್ಮನನ್ನು ತವರಿಗೆ ಕರೆದುಕೊಳ್ಳುತ್ತಾರೆ. ಬಿಸಿತುಪ್ಪ ಬಾಯಿಗೆ ಬಿದ್ದಿತ್ತು. ಉಗುಳಲಾರ, ನುಂಗಲಾರ.

ಬಂಡಿ ಬಂದು ನಿಂತಿತು. ಡಾಕ್ಟರು ಇಳಿಯುವಾಗ ಕೋಲು ಊರಿದರು. ಹೋದ ವರ್ಷ ಕೋಲು ಇರಲಿಲ್ಲ. ಒಳಗೆ ಬಂದು, ಅಂಜಯ್ಯ ಕೊಟ್ಟ ನೀರು ಕುಡಿದು, ಹನ್ನೊಂದನೆಯ ಪುಟವನ್ನು ತೆರೆದು ನೋಡಿದರು. ಬೈದಿದ್ದರೆ ಚೆನ್ನಾಗಿತ್ತು. ಬೈಯುವುದಕ್ಕೆ ಬದಲಾಗಿ ಚಂದ್ರಯ್ಯನಿಗೆ ಕುರ್ಚಿ ತೋರಿಸಿದರು. ಅವರೆದುರು ಅವನು ಯಾವತ್ತೂ ಕುರ್ಚಿಯ ಮೇಲೆ ಕೂತವನಲ್ಲ.

“ಕುಂಡ್ರು. ಇವತ್ತು ನೀ ಕುಂಡ್ರಬೇಕು,” ಎಂದರು. “ನಾರಾಯಣಪೇಟಿ ರಿಜಿಸ್ಟರ್‌ದಾಗ ಲೆಕ್ಕ ಭಾಳ ಚೊಲೋ ಬಂದಿತ್ತು. ಗದ್ವಾಲದಾಗೂ ಹಂಗs. ಸೂಜಿ ಹಾಕಿದ್ದು ಬದುಕಿದ್ದು, ಹಾಕದ್ದು ಅರ್ಧಕ್ಕರ್ಧ ಸತ್ತಿದ್ದು. ಮ್ಯಾಲಿನವ್ರು ಏನಂದ್ರು ಗೊತ್ತೇನು? ಅಲ್ಲಿಯವ್ರು ನಿಮ್ಮನ್ನ ಖುಷಿ ಮಾಡಾಕ ಬರದಾರ, ಮಕ್ತಲದವ ಒಬ್ಬನs ಇದ್ದದ್ದು ಇದ್ದಂಗ ಬರದಾನ ಅಂದ್ರು. ನನಗ ಸಿಟ್ಟು ಬಂತು. ಆಮ್ಯಾಲ ಕುಂತು ಯೋಚನಿ ಮಾಡಿದೆ. ಅವರ ಮಾತು ಖರೇ ಇರಬೇಕು. ನಿನ್ನಂಥಾವ ಸುಳ್ಳು ಬರಿಯಂಗಿಲ್ಲ.”

ಚಂದ್ರಯ್ಯ ಕುರ್ಚಿಯ ಅಂಚಿನಲ್ಲಿ ಕೂತಿದ್ದ. ನಾರಾಯಣಪೇಟೆಯ ಕಂಪೌಂಡರನ್ನು ಅವನು ಒಮ್ಮೆ ಕಂಡಿದ್ದ. ಬಾಯ್ತುಂಬ ಎಲೆಯಡಿಕೆ, ಹರುಕು ಅಕ್ಷರ, ಸಾಹೇಬರ ಎದುರು ನಡು ಬಗ್ಗಿಸುವ ಮನುಷ್ಯ. ಅವನು ನಿಜ ಬರೆದು ಸುಳ್ಳನಾಗಿದ್ದ. ಹೇಳು, ಈಗ ಹೇಳು ಎಂದು ಚಂದ್ರಯ್ಯನ ಒಳಗೆ ಯಾರೋ ಗುದ್ದುತ್ತಿದ್ದರು. ಬಾಯಿ ತೆರೆದೂ ತೆರೆದ. “ಸಾಹೇಬ್ರ, ಆ ದೇವರ ಕುರಿ...” ಎಂದ.

“ದೇವರ ಕುರಿ ಬದುಕಿದ್ದಕ್ಕ ಬ್ಯಾಸರ ಮಾಡ್ಕೊಬ್ಯಾಡ ಮಾರಾಯ,” ಎಂದು ಡಾಕ್ಟರು ನಕ್ಕರು. ಆ ನಗುವನ್ನು ನೋಡಿ ಚಂದ್ರಯ್ಯನಿಗೆ ಎದ್ದು ಓಡಬೇಕೆನಿಸಿತು. “ವಿಲಾಯತಿಯೊಳಗ ಬೂಷ್ಟಿನಿಂದ ಮದ್ದು ತೆಗದಾರಂತ. ರೊಟ್ಟಿ ಮ್ಯಾಲ ಬರ್ತೈತಲ್ಲ, ಬೂಷ್ಟು. ಯುದ್ಧದಾಗ ಗಾಯ ಕೊಳತವ್ರು ಎದ್ದು ಕುಂತಾರಂತ. ಅಲ್ಲಿ ಬೂಷ್ಟು ಸೈತ ಮಾತಾಡ್ತೈತಿ. ನನ್ನ ಆರು ವರ್ಷ ಮಾತಾಡಲಿಲ್ಲ. ಇರಲಿ, ಎಲ್ಲರ ಹಣಿಬರದಾಗ ಅದು ಇರಂಗಿಲ್ಲ. ದಸ್ತಖತ್ ಹಾಕು.” ಚಂದ್ರಯ್ಯ ದಸ್ತಖತ್ ಹಾಕಿದ. ಅಕ್ಷರ ಎಂದಿನಂತೆ ನೀಟಾಗಿಯೇ ಬಂತು. ಡಾಕ್ಟರು ಕೋಲು ಎತ್ತಿಕೊಂಡು, ಸರಕಾರಿ ಬಂಗಲೆಯಲ್ಲಿ ಮಲಗಿರುತ್ತೇನೆ, ನಾಲ್ಕರ ಹೊತ್ತಿಗೆ ಖಾಲಿ ಬಾಟಲಿ ತಂದುಕೊಟ್ಟರೆ ಸಂಜೆಯ ಗಾಡಿ ಹಿಡಿಯುತ್ತೇನೆ ಎಂದರು. ಮದ್ದು ಕುದಿಯುವುದನ್ನು ನಿಂತು ನೋಡುವ ಮನಸ್ಸಿಲ್ಲ ಎಂದು ಬಾಗಿಲಲ್ಲಿ ತಿರುಗಿ ಹೇಳಿದರು.

ಅವರು ಹೋದ ಸ್ವಲ್ಪ ಹೊತ್ತಿಗೆ ಕಿಷ್ಟಮ್ಮ ಬುತ್ತಿ ತಂದಳು. ಬೆವರಿದ್ದಳು, ಮುಖದಲ್ಲಿ ಅವಸರದ ಕಳೆ ಇತ್ತು. ತವರಿನಿಂದ ಸುದ್ದಿ ಬಂದಿತ್ತು. “ಮದ್ದೂರು ಕಡಿ ಅಮ್ಮ ಬಂದಾಳಂತ್ರಿ ಕುರಿಗೆ. ಕೋಸಗಿ ಸಂತಿಗೆ ಹೋದವ್ರು ಹೇಳ್ಯಾರ. ಅಪ್ಪ ಸುತ್ತಲಿನ ಹಿಂಡೆಲ್ಲ ಹಟ್ಟಿಗೆ ಕರಸ್ಯಾನ. ಜಂಬಪ್ಪ ಕಾಕಾನವು ನೂರಾಐವತ್ತು ಬರ್ತಾವಂತ, ಸಾಯಣ್ಣನವೂ ಬರ್ತಾವಂತ. ಸಂಜಿಮುಂದ ಎಲ್ಲಾ ಒಂದs ದೊಡ್ಡಿಗೆ ಹಾಕಿ, ನಟ್ಟನಡುವ ದೇವರ ಕುರಿ ನಿಲ್ಲಿಸ್ತಾರಂತ. ಅವುಗಳ ಮೈಗಾಳಿ ತಾಗಿದ್ರ ಯಾವ್ದಕ್ಕೂ ಏನೂ ಆಗಂಗಿಲ್ಲಂತ. ನೀವೂ ಬರಬೇಕಂತ ಹೇಳಿ ಕಳಿಸ್ಯಾನ.”

ಚಂದ್ರಯ್ಯನ ಕೈಯಲ್ಲಿ ಮುರಿದ ರೊಟ್ಟಿ ಹಾಗೇ ಉಳಿಯಿತು. ಸಿಡುಬು ಬಂದಾಗ ಹಿಂಡಿನಿಂದ ಹಿಂಡನ್ನು ಹರದಾರಿ ದೂರ ಇಡಬೇಕೆಂದು ದನದ ದವಾಖಾನೆಯ ಗೋಡೆಗೂ ಗೊತ್ತು. ಹಟ್ಟಿಯ ಹಳಬರಿಗೂ ಗೊತ್ತಿತ್ತು. ಅಪ್ಪನ ಕಾಲದಲ್ಲಿ ರೋಗದ ಹಿಂಡಿನವನು ಬೇರೆಯವರ ಬಾವಿಗೆ ಬರುತ್ತಿರಲಿಲ್ಲ. ಆ ತಿಳಿವಳಿಕೆಯನ್ನು ಈಗ ಅಳಿಸಿದ್ದು ನಲವತ್ತೆಂಟು ಕುರಿಗಳ ಪವಾಡ. ಪವಾಡ ಮಾಡಿದವನು ಇಲ್ಲಿ ಕೂತು ರೊಟ್ಟಿ ಮುರಿಯುತ್ತಿದ್ದಾನೆ. ಒಂದು ಕುರಿ ನಂಜು ತಂದರೆ ಸಾಕು. “ಯಾಕ್ರಿ, ಉಣ್ಣವಲ್ರಿ?” ಎಂದಳು ಕಿಷ್ಟಮ್ಮ. ಅವಳ ಮುಖದಲ್ಲಿ ಎಷ್ಟು ಭರವಸೆ ಇತ್ತು. ಚಳಿಗಾಲದಿಂದ ಆ ಭರವಸೆಯ ಪಕ್ಕದಲ್ಲೇ ಮಲಗಿ ಎದ್ದಿದ್ದಾನೆ. “ಹೊಟ್ಟಿ ಸರಿ ಇಲ್ಲ. ನೀ ನಡಿ, ನಾ ಸಂಜಿಗೆ ಬರ್ತೀನಿ” ಎಂದ. ಅವಳು ಬುತ್ತಿ ಕಟ್ಟಿಕೊಂಡು ತವರಿನ ದಾರಿ ಹಿಡಿದಳು.

ಅಂಜಯ್ಯ ಹಿತ್ತಲಲ್ಲಿ ಒಲೆ ಹೂಡಿದ್ದ. ಹಂಡೆಯ ನೀರು ಆಗಲೇ ಸಣ್ಣಗೆ ಗುಳುಗುಳು ಎನ್ನುತ್ತಿತ್ತು. ಚಂದ್ರಯ್ಯ ಮರಳಿನಿಂದ ಬಾಟಲಿಗಳನ್ನು ಒಂದೊಂದಾಗಿ ಕಿತ್ತು ತಂದು ಸಾಲಾಗಿ ಇಟ್ಟ. ಸಂಜೆಗೆ ಹಟ್ಟಿಯಲ್ಲಿ ಸೇರುವ ಕುರಿ ಎಷ್ಟು? ಮಾವನವು, ಜಂಬಪ್ಪನವು, ಸಾಯಣ್ಣನವು, ಒಟ್ಟು ನಾನೂರರ ಮೇಲೆ. ಮದ್ದು ಐನೂರಕ್ಕೆ. ಇವನ್ನು ಬುಟ್ಟಿಯಲ್ಲಿಟ್ಟುಕೊಂಡು ನೆಟ್ಟಗೆ ನಡೆದುಬಿಟ್ಟರೆ? ಆದರೆ ಹುಕುಂ ಇದೆ, ಕದ್ದಂತಾಗುತ್ತದೆ. ಮೊದಲು ಬಂಗಲೆಗೆ ಹೋಗಿ ಡಾಕ್ಟರ ಕಾಲು ಹಿಡಿದುಬಿಟ್ಟರೆ? ನಿನ್ನಂಥವನು ಸುಳ್ಳು ಬರೆಯುವುದಿಲ್ಲ ಎಂದ ಬಾಯಿಂದ ಆಮೇಲೆ ಏನು ಬರುತ್ತದೆ? ಕೆಟ್ಟ ಮಾತು ಬಂದರೆ ತಡೆದುಕೊಳ್ಳಬಹುದು. ಏನೂ ಅನ್ನದೆ ಅವರು ಸುಮ್ಮನೆ ಮುಖ ನೋಡಿದರೆ? ಇನ್ನು ಮಾವ. ಭಂಡಾರ ತುಂಬಿದ ಆ ಕೈ ತನ್ನ ಕಡೆ ಬೆರಳು ಮಾಡಿ ಹೊರಗೆ ನಡೆ ಎಂದರೆ? ಹೀಗೆ ಯೋಚಿಸುತ್ತ ಯೋಚಿಸುತ್ತ, ಚಂದ್ರಯ್ಯನಿಗೆ ಒಂದು ಹೇಡಿ ಜಾಣತನ ಹೊಳೆಯಿತು. ಈ ಮದ್ದು ಇಲ್ಲಿರುವತನಕ ಮಾತ್ರ ಹೇಳದೆ ಇರುವುದು ಪಾಪ. ಮದ್ದೇ ಇಲ್ಲವಾದರೆ ಹೇಳಿ ಆಗುವುದೇನೂ ಉಳಿಯುವುದಿಲ್ಲ. ಹೇಳಿದರೂ ಉಪಯೋಗವಿಲ್ಲದ ಮಾತನ್ನು ಹೇಳದೆ ಇದ್ದರೆ ಯಾರು ತಪ್ಪೆನ್ನುತ್ತಾರೆ?

“ಹಾಕ್ರಿ, ನೀರು ಕುದ್ದೈತಿ,” ಎಂದ ಅಂಜಯ್ಯ.

ಹಾಕಿದ. ಹತ್ತನ್ನೂ ಹಾಕಿದ. ಬಾಟಲಿಗಳು ಹಂಡೆಯಲ್ಲಿ ಒಂದಕ್ಕೊಂದು ತಾಗಿ ಕಟಕಟ ಎನ್ನುತ್ತಿದ್ದವು. ಒಳಗಿನ ತಿಳಿ ಮೊದಲು ಹಾಲಿನಂತಾಯಿತು, ಆಮೇಲೆ ಒಡೆದ ಹಾಲಿನಂತೆ ತರಿತರಿಯಾಯಿತು. ಅಂಜಯ್ಯ ಬೀಡಿ ಹಚ್ಚಿದ. ತನಗೊಂದು ಕೊಡೆಂದು ಚಂದ್ರಯ್ಯ ಕೈ ಚಾಚಿದ. ಅವನು ಬೀಡಿ ಸೇದುವವನಲ್ಲ. ಬಾಟಲಿಗಳನ್ನು ತೆಗೆದು, ಒಂದೊಂದೇ ಗುಂಡಿಗೆ ಸುರಿದು, ಸುಣ್ಣ ಹಾಕಿ, ಮಣ್ಣು ಎಳೆದ. ಹಗುರಾಗುತ್ತದೆಂದು ಕಾದ. ಹಗುರಾಗಲಿಲ್ಲ. ಬಂಗಲೆಯಲ್ಲಿ ಡಾಕ್ಟರು ಬಾಟಲಿ ಎಣಿಸದೆ ಪೆಟ್ಟಿಗೆಗೆ ಹಾಕಿಸಿ, ಅವನ ಹೆಗಲ ಮೇಲೆ ಕೈಯಿಟ್ಟು, ಮೇಲಿನವರಿಗೆ ನಿನ್ನ ವಿಷಯ ಬರೆದಿದ್ದೇನೆ ಎಂದರು. ಆ ಕೈ ಎದ್ದ ಮೇಲೂ ಹೆಗಲು ಭಾರವಾಗಿಯೇ ಇತ್ತು.

ಹಟ್ಟಿಯ ದಾರಿಯಲ್ಲಿ ಅವನು ಬೇಗ ಬೇಗ ನಡೆದ, ನಿಂತ, ಮತ್ತೆ ನಡೆದ. ಹೊತ್ತು ಇಳಿಯುತ್ತಿತ್ತು. ಕರಿಯ ಎರೆಭೂಮಿಯಲ್ಲಿ ಮೊಳಕಾಲೆತ್ತರದ ಜೋಳ ಹಸಿರಾಗಿ ನಿಂತಿತ್ತು. ಈ ಸಲ ಮಳೆ ಚೆನ್ನಾಗಿತ್ತು, ಯಾರಿಗೂ ಏನೂ ಕೊರತೆ ಇರಲಿಲ್ಲ. ದೂರದಲ್ಲಿ ಮೂರು ದಿಕ್ಕಿನಿಂದ ಮೂರು ಧೂಳು ಏಳುತ್ತಿತ್ತು. ಕುರಿಗಳು ಬರುತ್ತಿದ್ದವು. ಚಂದ್ರಯ್ಯ ಓಡತೊಡಗಿದ. ಪಾಯಜಾಮದ ಕಾಲು ತೊಡರಿ ಒಂದು ಕಡೆ ಬಿದ್ದ. ಎದ್ದ. ಅಂಗೈಗೆ ಮುಳ್ಳು ಹೊಕ್ಕಿತ್ತು, ಕೀಳಲಿಲ್ಲ. ಅವನು ಹಟ್ಟಿ ಮುಟ್ಟುವ ಹೊತ್ತಿಗೆ ದೊಡ್ಡಿ ತುಂಬಿತ್ತು. ಮುಳ್ಳುಬೇಲಿಯ ಒಳಗೆ ಬೆನ್ನಿಗೆ ಬೆನ್ನು ತಾಗಿ ನಾನೂರು ಕುರಿ, ನಡುವೆ ಹಳದಿ ಹಣೆಯ ನಲವತ್ತೆಂಟು. ಗಂಡಸರು ಸಾಲಾಗಿ ನಿಂತು ಭಂಡಾರ ಎರಚುತ್ತಿದ್ದರು. ಅತ್ತೆ ಮೈಲಮ್ಮನೂ ಕಿಷ್ಟಮ್ಮನೂ ಆರತಿ ಹಿಡಿದಿದ್ದರು.

“ಬಾ ಅಳಿಯಾ, ನಿನ್ನ ಸಲುವಾಗಿ ಕಾದಿದ್ದೆ,” ಎಂದ ಕುರುಮಯ್ಯ.

ಚಂದ್ರಯ್ಯ ಹೇಳಿದ. ಹೇಗೆ ಶುರು ಮಾಡಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡ ಮಾತು ಒಂದೂ ಬರಲಿಲ್ಲ. ದೇವರ ಕುರಿಗಳಿಗೆ ತಾನು ಸೂಜಿ ಹಾಕಿದ್ದೆ, ಪೆದ್ದಯ್ಯ ಮಲಗಿದ್ದಾಗ ಹಾಕಿದ್ದೆ, ಅವು ಬದುಕಿದ್ದು ಅದರಿಂದ, ಹಿಂಡುಗಳನ್ನು ಕೂಡಿಸಬೇಡಿ, ಈಗಲೇ ಬೇರೆ ಮಾಡಿ ಎಂದು ಒಂದೇ ಉಸಿರಿಗೆ ಹೇಳಿ, ಮಾವನ ಕಾಲ ಬಳಿ ಕೂತುಬಿಟ್ಟ. ಭಂಡಾರ ಎರಚುವ ಕೈಗಳು ನಿಂತವು. ಮೈಲಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು. ಕಿಷ್ಟಮ್ಮ ಗಂಡನನ್ನು ಗುರುತು ಸಿಗದವರನ್ನು ನೋಡುವಂತೆ ನೋಡಿದಳು. ಚಂದ್ರಯ್ಯ ಕಣ್ಣು ಮುಚ್ಚಿ, ಬರಬೇಕಾದ ಮಾತಿಗೆ ಕಾದ.

“ಒಂದು ವರ್ಸ ಆತು,” ಎಂದ ಕುರುಮಯ್ಯ. “ಒಂದು ವರ್ಸ ನಾವು ಕುಣದೇವಿ.”

“ತಪ್ಪಾತ್ರಿ ಮಾವಾ.”

“ತಪ್ಪಿನ ಮಾತು ನಾಳಿಗೆ ಆಡೂಣು. ಏಳು. ಆ ಮದ್ದಿನ್ಯಾಗ ಗುಣ ಐತಿ, ಹೌದಲ್ಲ? ನಲವತ್ತೆಂಟು ಮುಂದs ನಿಂತಾವ. ಬೀರಪ್ಪ ನಿನ್ನ ಕೈಲೆ ಮಾಡಿಸ್ಯಾನಂತ ತಿಳಕೋತೀನಿ. ಇನ್ನೂ ಐತೇನು ಮದ್ದು? ಕಿಷ್ಟಿ ಅಂದ್ಲು, ದವಾಖಾನಿಗೆ ಹೊಸಾ ಪೆಟ್ಟಿಗಿ ಬಂದೈತಂತ. ನನ್ನ ತಟ್ಟು ಕುದರಿ ತಗೊಂಡು ಹೋಗು, ರಾತ್ರಿ ಆದ್ರೂ ಚಿಂತಿಲ್ಲ, ತಗೊಂಡು ಬಾ. ಎಲ್ಲಾದಕ್ಕೂ ಹಾಕು. ಬೇಕಂದ್ರ ಕಿವಿಗೂ ತೂತು ಹಾಕು.”

ಚಂದ್ರಯ್ಯ ಏಳಲಿಲ್ಲ. ಇಷ್ಟು ಸುಲಭವೆಂದು ಅವನಿಗೆ ಗೊತ್ತಿರಲಿಲ್ಲ. ಮಾವನ ಕೋಪವನ್ನು ಎಷ್ಟು ರೀತಿಯಲ್ಲಿ ಕಲ್ಪಿಸಿಕೊಂಡಿದ್ದ, ಇದೊಂದನ್ನು ಬಿಟ್ಟು. “ಇಲ್ರಿ,” ಎಂದ. “ಇವತ್ತು ಮಧ್ಯಾಹ್ನ ಕುದಿಸಿ ಚೆಲ್ಲೀನ್ರಿ. ನಾನs.”

“ಎಷ್ಟಿತ್ತು?”

“ಐನೂರು ಕುರಿಗೆ ಆಗೂವಷ್ಟು.”

ಕುರುಮಯ್ಯ ದೊಡ್ಡಿಯ ಕಡೆ ತಿರುಗಿ ನೋಡಿದ. “ಕಿಷ್ಟಿ ನಿನಗ ಬುತ್ತಿ ತಂದಾಗ ಹೇಳಿದ್ಲಲ್ಲ, ಇಲ್ಲಿ ಕೂಡಸ್ತೀವಂತ? ಅದಾದ ಮ್ಯಾಲ ಚೆಲ್ಲಿದ್ಯೇನು?”

“ಹೌದ್ರಿ.”

“ಯಾಕ?”

“ನೀವು ಬೈತೀರಂತ...” ಎಂದ ಚಂದ್ರಯ್ಯ. ಮೂವತ್ತು ವರ್ಷದ ಗಂಡಸಿನ ಬಾಯಲ್ಲಿ ಆ ಮಾತು ಎಷ್ಟು ಸಣ್ಣದಾಗಿ ಕೇಳಿತೆಂದರೆ ಜಂಬಪ್ಪ ಮುಖ ತಿರುಗಿಸಿಕೊಂಡ.

“ಬೈತಿದ್ದೆ,” ಎಂದ ಕುರುಮಯ್ಯ. “ಬೈದು, ಮದ್ದು ಹಾಕಿಸ್ಕೋತಿದ್ದೆ.”

ಅವನು ಅಳಿಯನಿಗೆ ಬೆನ್ನು ಹಾಕಿ ದೊಡ್ಡಿಯ ಕಡೆ ನಡೆದ. ಮುಳ್ಳುಬೇಲಿ ತೆಗೆಯಿರಿ, ಅವರವರ ಕುರಿ ಅವರವರು ಬೇರೆ ಮಾಡಿ, ಇವತ್ತೇ ಮೂರು ದಿಕ್ಕಿಗೆ ಹೊಡೆದುಕೊಂಡು ಹೋಗಿ ಎಂದು ಕೂಗಿದ. ಬೆಳಕು ಹೋಗುತ್ತಿತ್ತು. ಬೆಚ್ಚಿದ ಕುರಿಗಳು ಒಂದಕ್ಕೊಂದು ಇನ್ನಷ್ಟು ಒತ್ತಿಕೊಂಡವು. ಹೆಂಗಸರು ಆರತಿ ತಟ್ಟೆ ಕೆಳಗಿಟ್ಟು ದೊಡ್ಡಿಯೊಳಗೆ ಇಳಿದರು. ಕಿವಿ ತಡವಿ ಗುರುತು ನೋಡಿ, ನಮ್ಮದು, ನಿಮ್ಮದು, ಹಿಡಿ, ಬಿಡು ಎನ್ನುವ ಕೂಗಿನಲ್ಲಿ ಯಾರೂ ಚಂದ್ರಯ್ಯನನ್ನು ಹೊರಗೆ ಹೋಗೆನ್ನಲಿಲ್ಲ, ಒಳಗೆ ಬಾ ಎನ್ನಲೂ ಇಲ್ಲ. ಕಿಷ್ಟಮ್ಮ ಅವನ ಪಕ್ಕದಿಂದಲೇ ಒಂದು ಮರಿಯನ್ನೆತ್ತಿಕೊಂಡು ಹೋದಳು. ಅವನು ಎದ್ದು ಒಳಗೆ ಹೋದ. ಕೈಗೆ ಸಿಕ್ಕ ಒಂದು ಕುರಿಯನ್ನು ಮೊಣಕಾಲ ನಡುವೆ ಹಿಡಿದ. ಜಂಬಪ್ಪನ ಹಿಂಡಿನದು, ಮದ್ದೂರು ಕಡೆಯಿಂದ ಮೇದು ಬಂದದ್ದು. ಮೈ ಸುಡುತ್ತಿತ್ತು. ಹತ್ತು ವರ್ಷದ ಕೆಲಸದ ರೂಢಿಯಿಂದ ಕೈ ತಾನಾಗಿ ತೊಡೆಸಂದಿಗೆ ಹೋಯಿತು. ಬೆರಳಿಗೆ ಗಟ್ಟಿ ಗಟ್ಟಿ ಗಂಟುಗಳು ಸಿಕ್ಕವು. ಒಂದು, ಎರಡು, ಐದು.

ಯಾರೂ ನೋಡಿರಲಿಲ್ಲ. ಕುರಿಯನ್ನು ಬಿಟ್ಟರೆ ಅದು ಹಿಂಡಿನಲ್ಲಿ ಸೇರಿಹೋಗುತ್ತಿತ್ತು.

“ಮಾವಾ,” ಎಂದು ಚಂದ್ರಯ್ಯ ಎಷ್ಟು ಜೋರಾಗಿ ಕೂಗಿದನೆಂದರೆ ದೊಡ್ಡಿಯಲ್ಲಿದ್ದವರೆಲ್ಲ ನಿಂತಲ್ಲೇ ನಿಂತರು, “ಇಲ್ಲಿ ಬರ್ರಿ. ಬಂದೈತಿ.”